ಗೋಣು ಹಾಕಿದ ಜವಾಬು

ಯಾವ ಠಾಣೆ ಎಂದು ಕೇಳಬೇಡಿ, ನಾನು ಹೇಳುವುದಿಲ್ಲ. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ರಸ್ತೆಯಲ್ಲಿ, ಚೌಡಾಪುರದ ಈಚೆಗೋ ಆಚೆಗೋ ಎರಡು ಕೋಣೆಗಳ ಒಂದು ಹೊರಠಾಣೆ ಇತ್ತು ಎಂದಿಟ್ಟುಕೊಳ್ಳಿ, ಸಾಕು. ಎಳ್ಳಮಾಸಿ ಹಬ್ಬ ಮುಗಿದ ನಾಲ್ಕನೆಯ ದಿನ ಮಧ್ಯಾಹ್ನ ಆ ಠಾಣೆಯಲ್ಲಿ ಪೊಲೀಸ್ ಪೇದೆ ಯಶೋಧರಾ ಒಬ್ಬಳೇ ಉಳಿದಿದ್ದಳು, ಮತ್ತು ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದಳು. ಕುರ್ಚಿಯಿಂದ ಎದ್ದು ಬಾಗಿಲಿಗೆ, ಬಾಗಿಲಿನಿಂದ ನೀರಿನ ಕೊಡಕ್ಕೆ, ಅಲ್ಲಿಂದ ಮತ್ತೆ ಕುರ್ಚಿಗೆ. ಒಳಕೋಣೆಯಲ್ಲಿ ಗೋಡೆಗೊರಗಿ ಒಬ್ಬ ಕೊಲೆಗಾರ ಕೂತಿದ್ದ. ಕೊಲೆಗಾರ ಎಂದು ಮೇಜಿನ ಮೇಲಿನ ಹಾಳೆ ಹೇಳುತ್ತಿತ್ತು. ಆ ಹಾಳೆ ಬರೆದವಳು ಅವಳೇ.

ಬೆಳಿಗ್ಗೆ ಒಂಬತ್ತೂಕಾಲಿಗೆ ಅವನು ಹಳೆಯ ಮೊಪೆಡ್ ಮೇಲೆ ಬಂದಿದ್ದ. ಗಾಡಿಗೆ ಹತ್ತಿ ಪಿಂಜುವ ಬಿಲ್ಲು ಕಟ್ಟಿತ್ತು. ಚಳಿಗಾಲದಲ್ಲಿ ಊರೂರು ತಿರುಗಿ ಹಳೆಯ ಗಾದಿಗಳನ್ನು ಬಿಚ್ಚಿ, ಹತ್ತಿ ಬಡಿದು, ಮತ್ತೆ ತುಂಬಿಕೊಡುವ ಮಂದಿ ಈ ಕಡೆ ಇನ್ನೂ ಇದ್ದಾರೆ. ಯಶೋಧರಾ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದಳು. ಅವನು ಗಾಡಿಯನ್ನು ನಿಲ್ಲಿಸಲೂ ಇಲ್ಲ, ನೆಲಕ್ಕೆ ಕೆಡವಿದ. ನಮಸ್ಕಾರವಿಲ್ಲ, ಮಾತಿಲ್ಲ. ನೆಟ್ಟಗೆ ಬಂದವನೇ ಅವಳ ಮುಂಗೈ ಹಿಡಿದು ರಸ್ತೆಯ ಕಡೆ ಎಳೆದ. ಗಂಟಲಿನಿಂದ ಒರಟು ಸದ್ದೊಂದು ಹೊರಟಿತು. ಅವಳು ಕೈ ಕೊಡವಿದಳು. ಆಗ ಅವನು ಅವಳ ಕಿವಿಗೇ ಕೈ ಹಾಕಿದ.

ಅವಳ ಕಿವಿಯಲ್ಲಿ ನೌಕರಿ ಸಿಕ್ಕಾಗ ತಾಯಿ ಮಾಡಿಸಿಕೊಟ್ಟ ಬಂಗಾರದ ಓಲೆಗಳಿದ್ದವು. ಜೇವರ್ಗಿ ಕಡೆಯ ಹಳ್ಳಿಯೊಂದರಲ್ಲಿ ಆ ತಾಯಿ ಕಂಡವರ ಹೊಲದಲ್ಲಿ ಕಳೆ ಕಿತ್ತು ಕೂಡಿಸಿದ ಓಲೆ. ಯಶೋಧರಾ ಚೀರಿದ ಚೀರಿಗೆ ಎದುರಿನ ಚಹಾದಂಗಡಿಯ ಏಜಾಜನ ಕೈಯಿಂದ ಜರಡಿ ಬಿತ್ತಂತೆ.

"ಹಾಡಾಹಗಲೇ ಪೊಲೀಸರ ಕಿವಿಗಿ ಕೈ ಹಾಕ್ತಿ? ಎಷ್ಟ ಧಿಮಾಕಲೇ ನಿಂದು?" ಎಂದು ಮುಖ್ಯ ಪೇದೆ ಹುಲೆಪ್ಪ ಒಳಗಿನಿಂದ ಓಡಿಬಂದು ಎರಡು ಬಿಗಿದ. ಬಿದ್ದವನ ಹೆಗಲ ಮೇಲಿನ ರುಮಾಲನ್ನೇ ಎಳೆದು ಯಶೋಧರಾ ಅವನ ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು. ಎಳೆದಷ್ಟೂ ಬಿಗಿಯುವ ಗಂಟು; ತರಬೇತಿಯಲ್ಲಿ ಕಲಿಸಿದ್ದು. ಶಭಾಷ್ ಎಂದ ಹುಲೆಪ್ಪ.

ಹುಡುಕಿದರೆ ಅವನ ಅಂಗಿಯ ಮೇಲೆ ರಕ್ತ, ಮೊಪೆಡ್ಡಿನ ಚೀಲದಲ್ಲಿ ಒಂಟಿ ಹೆಣ್ಣುಚಪ್ಪಲಿ, ಜೇಬಿನಲ್ಲಿ ಒಂದು ಫೋನು. ಎಷ್ಟು ಕೇಳಿದರೂ ಬಾಯಿಲ್ಲ. ಕಿವಿ ಮುಟ್ಟಿ, ನಾಲಗೆ ತೋರಿಸಿ, ತಲೆ ಅಲ್ಲಾಡಿಸಿ ಕೇಳಿಸುವುದಿಲ್ಲ ಎಂದು ತಿಳಿಸಬೇಕೆಂದರೆ ಕೈ ಬೇಕಲ್ಲ, ಅದನ್ನೇ ಕಟ್ಟಿಹಾಕಿದ್ದರು. ಕಡೆಗೆ ಏಜಾಜನೇ ಅಂಗಡಿಯಿಂದ ಕೂಗಿ ಹೇಳಿದ: "ಸಾಹೇಬ್ರ, ಅಂವ ಮಟಕಿ ಊರಿನ ರಸೂಲ ಇದ್ದಾನ್ರಿ. ಹುಟ್ಟಾ ಕಿವುಡ. ನಮ್ಮನಿ ಗಾದಿನೂ ಅವನೇ ಬಡದಾನ."

ಹುಲೆಪ್ಪ ಫೋನನ್ನು ರಸೂಲನ ಮೂಗಿನ ಮುಂದೆ ಹಿಡಿದ. "ಕಿವಿ ಕೇಳಂಗಿಲ್ಲ, ಮಾತ ಬರಂಗಿಲ್ಲ. ಮತ್ತ ಈ ಫೋನು ಯಾರ ಜೋಡಿ ಮಾತಾಡಾಕೋ? ನಾಟಕ ಹೌದಿಲ್ಲೋ?"

ರಸೂಲ ಗೋಣು ಹಾಕಿದ. ಹೌದು ಎನ್ನುವ ಹಾಗೆ, ಎರಡು ಸಲ.

"ನೋಡಿದ್ಯಾ ಮಗನ ನಾಟಕ!" ಎಂದು ಹುಲೆಪ್ಪ ಫೋನನ್ನು ಮೇಜಿನ ಡ್ರಾವರಿಗೆ ಎಸೆದ.

ಹತ್ತು ಗಂಟೆಗೆ ಗೊಬ್ಬೂರದ ರೈತ ಶಾಂತಕುಮಾರ ಏದುಸಿರು ಬಿಡುತ್ತಾ ಬಂದ. ಅವನದು ಊರ ಹೊರಗೆ ಹೊಲದ ಮನೆ. ಮುಂಜಾನೆ ಏಳಕ್ಕೆ ಗಾದಿಯವನನ್ನು ಕರೆಸಿ, ತಾಯಿ ಹಣಮವ್ವನ ಜೊತೆ ಬಿಟ್ಟು, ತೊಗರಿ ರಾಶಿ ಮಾಡಿಸಲು ಇನ್ನೊಂದು ಹೊಲಕ್ಕೆ ಹೋಗಿದ್ದನಂತೆ. ಒಂಬತ್ತೂವರೆಗೆ ಬಂದು ನೋಡಿದರೆ ಅಂಗಳದ ತುಂಬ ಹತ್ತಿ ಹಾರಾಡುತ್ತಿದೆ. ತಾಯಿಯೂ ಇಲ್ಲ, ಗಾದಿಯವನೂ ಇಲ್ಲ. ಮನೆಯ ಮೂರೂ ಕೋಣೆ ನೋಡಿದ, ಕೂಗಿದ, ಉತ್ತರವಿಲ್ಲ. ಮಾತಾಡುತ್ತಲೇ ಅವನ ಕಣ್ಣು ಮೇಜಿನ ಮೇಲಿನ ಚಪ್ಪಲಿಗೆ ಬಿತ್ತು.

"ಇದು ನಮ್ಮವ್ವಂದ್ರಿ! ಕೆಂಪ ದಾರ ಹಾಕಿ ನಾನೇ ಹೊಲಿಸೀನಿ ಇದಕ್ಕ!" ಎಂದವನು ರಸೂಲನ ಅಂಗಿಯ ರಕ್ತ ನೋಡಿ ಅಲ್ಲೇ ಕುಸಿದು ಕೂತ.

ಆಮೇಲೆ ನಡೆದ ವಿಚಾರಣೆ ಹೀಗಿತ್ತು. ಹುಲೆಪ್ಪ ಕಿಟಕಿಗೆ ಬೆನ್ನು ಮಾಡಿ ನಿಂತ. ಬೆಳಕೆಲ್ಲ ಅವನ ಹಿಂದೆ, ಮುಖವೆಲ್ಲ ಕತ್ತಲು. ಮೀಸೆಯೋ, ಮೇಲ್ದುಟಿ ಕೆಳದುಟಿ ಎರಡನ್ನೂ ಮುಚ್ಚುವಷ್ಟು. ಅಷ್ಟು ಸಾಲದೆಂದು ಆ ಮಹಾಶಯ ರಸೂಲನ ಕಿವಿಗೇ ಬಾಯಿ ಇಟ್ಟು ಕೂಗತೊಡಗಿದ. ಹುಟ್ಟುಕಿವುಡನ ಕಿವಿಯಲ್ಲಿ ಎಷ್ಟು ಜೋರಾಗಿ ಕೂಗಿದರೆ ಕೇಳಿಸೀತು ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದರೋ.

"ಮುದಕಿ ಜೋಡಿ ಜಗಳಾಡ್ದಿ, ಹೌದಿಲ್ಲೋ?"

ರಸೂಲ ಗೋಣು ಹಾಕಿದ.

"ಹೊಡದಿ?"

ಗೋಣು.

"ಸತ್ತಳು?"

ಗೋಣು. ಶಾಂತಕುಮಾರ ಬಾಯಿಗೆ ಟವೆಲ್ಲು ಒತ್ತಿಕೊಂಡ.

"ಹೆಣ ಏನ್ ಮಾಡಿದಿ? ಭೀಮಾ ಹೊಳಿಗಿ ಒಗದಿ?"

ಅದಕ್ಕೂ ಗೋಣು. ಯಶೋಧರಾಳ ಅಕ್ಷರ ದುಂಡಗೆ ಎಂದು ಠಾಣೆಯ ಬರವಣಿಗೆಯೆಲ್ಲ ಅವಳ ಪಾಲಿಗೆ ಬರುತ್ತಿತ್ತು. ಹದಿಮೂರು ಪ್ರಶ್ನೆ ಬರೆದಳು, ಎದುರಿಗೆ ಹದಿಮೂರು ಸಲ 'ಹೌದು' ಎಂದು ಬರೆದಳು. ಕೈ ಹಿಂದಕ್ಕೆ ಕಟ್ಟಿದ್ದರಿಂದ ಹಾಳೆಯನ್ನು ಅವನ ಬೆನ್ನ ಹಿಂದೆ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡಳು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಹುಲೆಪ್ಪನಿಗೂ ಗೊತ್ತು. ಆದರೆ ಹೆಣ ಸಿಕ್ಕರೆ ನಿಲ್ಲುತ್ತದಲ್ಲ. ಅವನು ಉಳಿದವರನ್ನೆಲ್ಲ ಕರೆದುಕೊಂಡು, ಶಾಂತಕುಮಾರನನ್ನೂ ಜೀಪಿನಲ್ಲಿ ಹಾಕಿಕೊಂಡು, ಮೀನುಗಾರರಿಗೆ ಬಲೆ ತರಲು ಹೇಳಿ ಹೊಳೆಯ ಕಡೆ ಹೊರಟುಹೋದ. ಆಗ ಹನ್ನೊಂದೂಕಾಲು.

ಈಗ ಹನ್ನೆರಡೂಕಾಲು. ಯಶೋಧರಾ ಮತ್ತೆ ಎದ್ದಳು. ಒಂದು ಮಾತು ಅವಳನ್ನು ಕೂರಲು ಬಿಡುತ್ತಿರಲಿಲ್ಲ. ಕೊಂದವನು ಓಡಿಹೋಗುತ್ತಾನೆ. ಇವನು ಸತ್ತವಳ ಚಪ್ಪಲಿ ಹಿಡಿದು ತಾನಾಗಿಯೇ ಠಾಣೆಗೆ ಬಂದನಲ್ಲ, ಯಾಕೆ? ಓಲೆ ಕೀಳಲು ಬರುವವನು ಪೊಲೀಸರ ಓಲೆಯನ್ನೇ ಹುಡುಕಿಕೊಂಡು ಬರುತ್ತಾನೆಯೇ? ಹುಲೆಪ್ಪನಿಗೆ ಕೇಳಿದ್ದರೆ ನಿನಗೇನು ತಿಳೀತದ ಸುಮ್ಮಕೂಡು ಎನ್ನುತ್ತಿದ್ದ. ಅವಳು ಕೇಳಿರಲೂ ಇಲ್ಲ.

ಒಳಕೋಣೆಗೆ ಹೋದಳು. ಕರೆಂಟು ಹೋಗಿತ್ತು, ಕತ್ತಲಲ್ಲಿ ರಸೂಲನ ಕಣ್ಣುಗಳಷ್ಟೇ ಕಾಣುತ್ತಿದ್ದವು. ಏಜಾಜ ಕಳಿಸಿದ್ದ ಚಹಾ ಪಕ್ಕದಲ್ಲಿ ಕೆನೆಗಟ್ಟಿ ಆರಿಹೋಗಿತ್ತು.

"ಚಹಾ ಕುಡದ್ಯಾ?" ಎಂದಳು.

ಅವನು ಗೋಣು ಹಾಕಿದ.

ತುಂಬಿದ ಲೋಟ ಎದುರಿಗೇ ಇತ್ತು. ಕೈ ಕಟ್ಟಿದ ಮನುಷ್ಯ ಹೇಗೆ ಕುಡಿದಾನು ಎಂಬುದು ಅವಳಿಗೆ ಆಗ ಹೊಳೆಯಿತು, ಅದಕ್ಕಿಂತ ದೊಡ್ಡದೊಂದು ಅದರ ಹಿಂದೆಯೇ ಬಂತು. ಅವಳು ಅವನೆದುರು ಕುಕ್ಕರುಗಾಲಲ್ಲಿ ಕೂತಳು.

"ನಿನಗ ನೂರ ಮಂದಿ ಹೆಂಡ್ರೇನು?"

ಗೋಣು.

"ನಮ್ಮ ಹುಲೆಪ್ಪ ಸಾಹೇಬ್ರು ಹೆಂಗಸೇನು?"

ಗೋಣು. ಬಹಳ ಮರ್ಯಾದೆಯಿಂದ, ಎರಡು ಸಲ. ಬೇರೆ ದಿನವಾಗಿದ್ದರೆ ಯಶೋಧರಾ ಹೊಟ್ಟೆ ಹಿಡಿದು ನಗುತ್ತಿದ್ದಳು. ಈಗ ಅವಳು ಇನ್ನೂ ಹತ್ತಿರಕ್ಕೆ ಸರಿದಳು.

"ನಾ ಸತ್ತೀನೇನು?" ಎಂದು ಕೇಳಿದಳು.

ರಸೂಲ ಹೌದೆಂದ.

ಅಯ್ಯೋ ನನ್ನ ಕೈಗೆ ಬೆಂಕಿ ಬೀಳಲಿ, ಏನು ಬರೆದುಬಿಟ್ಟೆ ಎಂದುಕೊಂಡಳು. ಹದಿಮೂರು ಹೌದು. ಅದರಲ್ಲಿ ಒಂದೂ ಹೌದಲ್ಲ. ಹಾಗಾದರೆ ಮುದುಕಿ ಹೊಳೆಯಲ್ಲಿಲ್ಲ. ಹಾಗಾದರೆ ಎಲ್ಲಿದ್ದಾಳೆ? ಏಳು ಗಂಟೆಯಿಂದ ಎಲ್ಲಿದ್ದಾಳೆ?

ಡ್ರಾವರಿನೊಳಗೆ ಫೋನು ಗುರ್ ಎಂದಿತು. ಬೆಳಗಿನಿಂದ ಅದು ಹಾಗೆಯೇ ಗುರುಗುಡುತ್ತಿತ್ತು, ಯಾರೂ ಮುಟ್ಟಿರಲಿಲ್ಲ. ಯಶೋಧರಾ ಓಡಿ ತೆಗೆದಳು. ವಿಡಿಯೋ ಕರೆ. ಪರದೆಯ ಮೇಲೆ ತಲೆಗೆ ಸೆರಗು ಹೊದ್ದ ನಡುವಯಸ್ಸಿನ ಹೆಂಗಸು.

"ಯಾರಬೇ ನೀ? ನಮ್ಮ ಮನ್ಯಾವ್ರ ಫೋನು ನಿನ್ನ ಕೈಯಾಗ ಯಾಕದ?" ಎಂದು ಆ ಹೆಂಗಸು ಜಗಳಕ್ಕೇ ನಿಂತಳು. ಆಮೇಲೆ ಖಾಕಿ ಕಂಡು ಅವಳ ಮುಖ ಬಿಳಿಚಿತು. "ಯಾ ಅಲ್ಲಾ, ಪೊಲೀಸ್! ಏನಾಗ್ಯಾದ್ರಿ ಅವ್ರಿಗಿ?"

"ಏನೂ ಆಗಿಲ್ರಿ, ಠಾಣ್ಯಾಗ ಇದ್ದಾರ. ನೀವು ಯಾರ್ರಿ?"

"ಅಮೀರುನ್ನಿಸಾ. ಅವ್ರ ಹೇಂತಿ. ಮಟಕಿಂದ ಮಾತಾಡಾಕತ್ತೇನಿ. ಒಂಬತ್ತಕ್ಕ ಅವ್ರದು ಫೋನ್ ಬಂದಿತ್ತು, ನಾ ರೊಟ್ಟಿ ಬಡಿಯಾಕತ್ತಿದ್ದೆ, ನೋಡಲಿಲ್ಲ. ಆಮ್ಯಾಲ ಹಚ್ಚೇ ಹಚ್ಚಾಕತ್ತೀನಿ, ಯಾರೂ ಎತ್ತವಲ್ರು. ಅವ್ರನ್ನ ತೋರಸ್ರಿ ಮೊದಲ."

ಪರದೆಯ ಮೂಲೆಯಲ್ಲಿ ಬ್ಯಾಟರಿ ಕೆಂಪಗಾಗಿತ್ತು. ಯಶೋಧರಾ ಫೋನು ಹಿಡಿದು ಒಳಗೆ ನುಗ್ಗಿದಳು, ನುಗ್ಗುತ್ತಲೇ ಒದರಿದಳು: "ನಿಮ್ಮ ಗಂಡ ಎಲ್ಲಾದಕ್ಕೂ ಗೋಣ ಹಾಕಾಕತ್ತಾರ್ರೀ!"

"ಮತ್ತೇನ್ ಮಾಡ್ತಾರ? ಸಣ್ಣಾವ್ರಿದ್ದಾಗ ಗೋಣ ಹಾಕದಿದ್ರ ಮಂದಿ ಹೊಡೀತಿದ್ರಂತ, ಹಾಕಿದ್ರ ಬಿಡ್ತಿದ್ರಂತ. ಹೊಡೀಬ್ಯಾಡ್ರಿ ಅಂಬೋದು ಅದು, ಹೌದು ಅಂಬೋದಲ್ಲ. ನಿಕಾದಾಗ ಕಾಜಿ ಸಾಹೇಬ್ರು ಕೇಳಿದಾಗೂ ಗೋಣ ಹಾಕ್ಯಾರ. ಅದು ಖರೇನೋ ಸುಳ್ಳೋ ಅಂತ ತಿಳಿಯಾಕ ನನಗ ಆರ ತಿಂಗಳ ಬೇಕಾತು!" ಅಷ್ಟರಲ್ಲಿ ಗಂಡನ ಮಸುಕು ಆಕಾರ ಕಂಡಿತೇನೋ, ಅಮೀರುನ್ನಿಸಾಳ ದನಿ ಏರಿತು. "ಯಾ ಅಲ್ಲಾ, ಕೈ ಕಟ್ಟೀರಿ? ಕೈ ಕಟ್ಟಿ, ಕತ್ತಲ್ಯಾಗ ಕೂಡ್ಸಿ, ಮಾತಾಡು ಅಂತೀರಿ? ನಿಮ್ಮ ಬಾಯಿಗಿ ಬಟ್ಟಿ ತುರುಕಿ ಮಾತಾಡು ಅಂದ್ರ ಮಾತಾಡ್ತೀರೇನು? ಬಿಚ್ರಿ ಮೊದಲ! ಬೆಳಕಿಗಿ ತರ್ರಿ!"

ಯಶೋಧರಾ ಅವನನ್ನು ಎಬ್ಬಿಸಿ ಬಾಗಿಲ ಬಳಿಯ ಬಿಸಿಲಿಗೆ ತಂದಳು. ಗಂಟು ಬಿಚ್ಚಲಿಲ್ಲ. ಅವಳೇ ಹಾಕಿದ ಗಂಟು, ಮೂರು ತಾಸು ಎಳೆದು ಎಳೆದು ಕಲ್ಲಾಗಿತ್ತು. ಉಗುರು ಕಿತ್ತುಬಂತು. ಕಡೆಗೆ ಹಲ್ಲಿನಿಂದ ಕಚ್ಚಿ ಎಳೆದಳು. ಬಾಯಿಗೆಲ್ಲ ಬೆವರಿನ ಉಪ್ಪು, ಹತ್ತಿಯ ಎಳೆ. ಫೋನಿನೊಳಗಿನಿಂದ ಅಮೀರುನ್ನಿಸಾ ಹೇಳುತ್ತಲೇ ಇದ್ದಳು.

"ಅವ್ರ ಮುಂದ ನಿಂದರ್ರಿ. ನಿಮ್ಮ ಮಾರಿ ಮ್ಯಾಲ ಬೆಳಕ ಬೀಳಬೇಕು. ಹೌದಿಲ್ಲೋ ಅಂತ ಕೇಳಬ್ಯಾಡ್ರಿ, ಗೋಣ ಹಾಕಿಬಿಡ್ತಾರ. ಎಲ್ಲಿ, ಏನು, ಯಾರು ಅಂತ ಕೇಳ್ರಿ. ತೋರಸು ಅನ್ರಿ. ಮಂದಿಗಿ ಪುರಸೊತ್ತಿಲ್ಲ, ಅದಕ್ಕ ತಿಳಿಯಂಗಿಲ್ಲ."

ಕೈ ಬಿಡುಗಡೆಯಾಯಿತು. ರಸೂಲ ಸೆಟೆದ ಬೆರಳುಗಳನ್ನು ಎರಡು ಸಲ ಮಡಚಿ ಬಿಚ್ಚಿದ. ಹೆಂಡತಿಯ ಮುಖ ಕಂಡದ್ದೇ ತಡ, ಕೈಗಳು ಹಾರತೊಡಗಿದವು. ಬಾಗಿದ ಬೆನ್ನು, ಕೋಲು, ನೆಲ, ಒಡೆದದ್ದು, ಮತ್ತೆ ಮತ್ತೆ ನೆಲ. ಇಷ್ಟು ಮಾತು ಇವನೊಳಗೆ ಇತ್ತೇ ಎಂದು ಯಶೋಧರಾ ನೋಡುತ್ತಾ ನಿಂತಳು. ಪರದೆಯ ಮೇಲೆ ಅಮೀರುನ್ನಿಸಾ ಬಾಯಿ ತೆರೆದಳು.

"ಮುದಕಿ ಬಿದ್ದಾಳಂತ್ರಿ! ನೆಲ ಒಡದು ಒಳಗ ಬಿದ್ದಾಳಂತ! ಜಲ್ದಿ ಹೋಗ್ರಿ ನೀವು..."

ಫೋನು ಕಪ್ಪಾಯಿತು. ಚಾರ್ಜರು ಇತ್ತು, ಕರೆಂಟು ಇರಲಿಲ್ಲ. ಅಮೀರುನ್ನಿಸಾಳ ನಂಬರು ಆ ಸತ್ತ ಫೋನಿನಲ್ಲೇ ಉಳಿಯಿತು. ಯಶೋಧರಾ ತನ್ನ ಫೋನಿನಿಂದ ಹುಲೆಪ್ಪನಿಗೆ ಹಚ್ಚಿದಳು. ಹೊಳೆಯ ದಂಡೆಯ ಗದ್ದಲ ಕೇಳಿಸಿತು.

"ಸಾಹೇಬ್ರ, ಮುದಕಿ ಹೊಳ್ಯಾಗಿಲ್ರಿ. ಎಲ್ಲೋ ನೆಲದಾಗ ಬಿದ್ದಾಳ. ಜೀವ ಇರಬಹುದು. ಹೊಲದ ಮನಿ ಕಡಿ ಯಾರನ್ನರ ಕಳಿಸ್ರಿ."

"ಮನಿ ಮಗನೇ ನೋಡಿ ಬಂದಾನ. ಇಲ್ಲಿ ಬಲಿ ಹಾಕೇವಿ, ತಲಿ ತಿನ್ನಬ್ಯಾಡ."

"ಹಂಗಾರ ನಾ ಇವನ್ನ ಕರಕೊಂಡು ಹೋಗಿ ನೋಡ್ತೇನ್ರಿ."

"ಆರೋಪಿನ್ನ ಹೊಸ್ತಲ ದಾಟಿಸಿದ್ರ ನಿನ್ನ ನೌಕರಿ ಉಳಿಯಂಗಿಲ್ಲ, ತಿಳಕೋ!" ಎಂದು ಹುಲೆಪ್ಪ ಫೋನು ಇಟ್ಟ.

ಆ ನೌಕರಿಯ ಮೇಲೆ ಜೇವರ್ಗಿ ಕಡೆಯ ಒಂದು ಮನೆ ನಿಂತಿತ್ತು. ಯಶೋಧರಾ ಬಾಗಿಲಿಗೂ ಮೇಜಿಗೂ ನಡುವೆ ಎರಡು ಸಲ ಅಡ್ಡಾಡಿದಳು. ಆಮೇಲೆ ರಸೂಲನ ಎದುರು, ಬಿಸಿಲು ತನ್ನ ಮುಖಕ್ಕೆ ಬೀಳುವಂತೆ ನಿಂತು, ಎರಡೂ ಅಂಗೈ ಬಿಚ್ಚಿ ಹುಬ್ಬೇರಿಸಿ ಕೇಳಿದಳು: ಎಲ್ಲಿ?

ರಸೂಲ ಗೋಣು ಹಾಕಲಿಲ್ಲ. ಅಂದು ಮೊದಲ ಸಲ ಹಾಕಲಿಲ್ಲ. ರಸ್ತೆಯ ಕಡೆ ಕೈ ತೋರಿಸಿದ, ಅವಳ ಮುಂಗೈ ಹಿಡಿದು ಎಳೆದ, ಮತ್ತೆ ಅವಳ ಕಿವಿಯ ಕಡೆ ಬೆರಳು ಚಾಚಿ, ಏನೋ ನೆನಪಾಗಿ, ಹೊಡೆತಕ್ಕೆ ಹೆದರಿದವನ ಹಾಗೆ ಬೆರಳನ್ನು ಹಿಂದಕ್ಕೆ ಎಳೆದುಕೊಂಡ. ಬೆಳಗಿನಿಂದ ಅವನು ಹೇಳಿದ್ದು ಇಷ್ಟೇ, ಈಗಲೂ ಇಷ್ಟೇ. ಕಿವಿ ಯಾಕೆ ಎಂದು ಅವಳಿಗೆ ತಿಳಿಯಲಿಲ್ಲ. ಬಾ ಎನ್ನುವುದಂತೂ ತಿಳಿಯಿತು.

ಠಾಣೆಗೆ ಬೀಗ ಹಾಕಿದಳು. ಪೊಲೀಸ್ ಠಾಣೆಗೆ ಬೀಗ ಹಾಕಿ ಚಾವಿಯನ್ನು ಚಹಾದಂಗಡಿಯಲ್ಲಿ ಕೊಟ್ಟವರನ್ನು ನೀವು ನೋಡಿದ್ದೀರೋ ಇಲ್ಲವೋ, ಏಜಾಜ ಅಂದು ನೋಡಿದ. ಕೊಲೆಗಾರನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಆಕೆ ಹೊರಟಾಗ "ಮೇಡಂ, ಮೇಡಂ, ಹೆಲ್ಮೆಟ್!" ಎನ್ನುವುದಷ್ಟೇ ಅವನ ಬಾಯಿಗೆ ಬಂತು.

ಗೊಬ್ಬೂರದ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದನ್ನು ದಾಟುವಷ್ಟರಲ್ಲಿ ಇನ್ನೊಂದು ಅಡ್ಡ. ಯಶೋಧರಾ ಹಾರ್ನು ಒತ್ತಿ ಒತ್ತಿ ಹೆಬ್ಬೆರಳು ನೋಯಿಸಿಕೊಂಡಳು. ಒಡೆದ ನೆಲ, ಒಳಗೆ ಬಿದ್ದ ಮುದುಕಿ, ಏಳರಿಂದ ಹನ್ನೆರಡೂವರೆ. ಇದರಲ್ಲಿ ಮೂರು ತಾಸು ತನ್ನವೇ. ಆ ಮೂರು ತಾಸಿನಲ್ಲಿ ಜೀವ ಹೋಗಿದ್ದರೆ ಕೊಂದವರು ಯಾರು ಎಂದು ಯಾವ ಹಾಳೆಯಲ್ಲಿ ಬರೆಯುವುದು? ಹಿಂದಿನಿಂದ ಅವಳ ಎಡ ಹೆಗಲಿಗೆ ಒಂದು ತಟ್ಟು ಬಿತ್ತು. ಬೆಚ್ಚಿದಳು, ಎಡಕ್ಕೆ ಕಾಲುದಾರಿ ಕಂಡಿತು, ತಿರುಗಿಸಿದಳು. ಮುಂದೆ ಬಲ ಹೆಗಲಿಗೆ ಒಂದು ತಟ್ಟು. ಬಲಕ್ಕೆ ತಿರುಗಿಸಿದಳು. ಬೆಳಿಗ್ಗೆ ಇದೇ ಕೈ ಮುಟ್ಟಿದ್ದಕ್ಕೆ ಚೀರಿದ್ದಳು. ಮುಟ್ಟದೆ ಅವನು ಯಾರನ್ನಾದರೂ ಹೇಗೆ ಕರೆಯಬೇಕಿತ್ತು, ಹೇಳಿ ನೋಡೋಣ.

ಹೊಲದ ಮನೆಯ ಅಂಗಳದಲ್ಲಿ ಹತ್ತಿ ಇನ್ನೂ ಹಾರಾಡುತ್ತಿತ್ತು. ರಸೂಲ ಸ್ಕೂಟಿ ನಿಲ್ಲುವ ಮೊದಲೇ ಜಿಗಿದು ಮನೆಯ ಹಿಂದಕ್ಕೆ ಓಡಿದ. ಅಲ್ಲಿ ಬಿದ್ದ ಗೋಡೆಯೊಂದು, ಅದರಾಚೆ ಜಾಲಿಯ ಮುಳ್ಳು. ಮಗ ಶಾಂತಕುಮಾರ ಇಲ್ಲಿಗೆ ಬಂದೇ ಇರಲಿಲ್ಲ. ಮುಳ್ಳಿನ ನಡುವೆ ತೆರವಾದ ಜಾಗದಲ್ಲಿ ಹತ್ತಿಯ ಕೆಳಗೆ ಹಾಸಲೆಂದು ಮುದುಕಿ ಕೊಡವಲು ತಂದಿದ್ದ ಹಳೆಯ ಜಮಖಾನೆ ಬಿದ್ದಿತ್ತು, ಪಕ್ಕದಲ್ಲಿ ಒಡೆದು ವಾರೆಯಾಗಿ ಕೂತ ಪರ್ಸಿ ಹಾಸುಗಲ್ಲು, ಕಲ್ಲಿನ ಮೇಲೆ ಒಣಗಿದ ರಕ್ತ. ಕಲ್ಲು ಸರಿಸಲು ಹೋಗಿ ಹರಿದುಕೊಂಡ ಅಂಗೈಯನ್ನು ರಸೂಲ ತೋರಿಸಿದ. ಕಲ್ಲಿನ ಕೆಳಗೆ ಒಂದು ಕಪ್ಪು ಬಾಯಿ.

ಹಗೇವು. ಯಶೋಧರಾಳಿಗೆ ಗೊತ್ತಿತ್ತು, ಅವಳ ಅಜ್ಜನ ಮನೆಯಲ್ಲೂ ಒಂದು ಇತ್ತು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಎರಡು ಆಳು ಆಳ. ಈಗ ಯಾರೂ ಜೋಳ ತುಂಬುವುದಿಲ್ಲ. ಮುಚ್ಚಿದ ಕಲ್ಲಿನ ಮೇಲೆ ಮಣ್ಣು ಬಿದ್ದು, ಹುಲ್ಲು ಬೆಳೆದು, ಮನೆಯವರೇ ಮರೆತಿರುತ್ತಾರೆ. ಒಳಗೆ ಕೂಗಿದ ಸದ್ದು ಆ ಹೊಟ್ಟೆಯಲ್ಲೇ ಸುತ್ತುತ್ತದೆ, ಮೇಲೆ ಹತ್ತು ಹೆಜ್ಜೆ ಆಚೆಗೆ ಬರುವುದಿಲ್ಲ.

ರಸೂಲ ನೆಲಕ್ಕೆ ಬೋರಲು ಬಿದ್ದು ಕಂಡಿಗೆ ಕಣ್ಣು ಇಟ್ಟ. ಎದ್ದು, ಕಣ್ಣು ತೋರಿಸಿ, ಕೈ ಆಡಿಸಿದ: ಕತ್ತಲು, ಕಾಣುವುದಿಲ್ಲ. ತನ್ನ ಕಿವಿ ತೋರಿಸಿ ಕೈ ಆಡಿಸಿದ: ಇದು ಕೆಲಸಕ್ಕೆ ಬಾರದು. ಆಮೇಲೆ ಹೆದರುತ್ತಾ ಹೆದರುತ್ತಾ ಯಶೋಧರಾಳ ಕಿವಿಯ ಕಡೆ ಬೆರಳು ಚಾಚಿ, ಕಂಡಿಯನ್ನು ತೋರಿಸಿದ.

ಅವಳಿಗೆ ಆಗ ತಿಳಿಯಿತು. ಬೆಳಿಗ್ಗೆ ಒಂಬತ್ತೂಕಾಲಿಗೆ ಅವನು ಕೇಳಿದ್ದು ಅವಳ ಓಲೆಯನ್ನಲ್ಲ, ಕಿವಿಯನ್ನು. ಮುದುಕಿ ಬದುಕಿದ್ದಾಳೋ ಸತ್ತಿದ್ದಾಳೋ ಕೇಳಿಸಿಕೊಳ್ಳಲು ಅವನಿಗೆ ಕಿವಿಯಿದ್ದ ಒಬ್ಬ ಮನುಷ್ಯ ಬೇಕಾಗಿತ್ತು. ಆರು ಮೈಲಿ ಗಾಡಿ ಓಡಿಸಿ ಬಂದು, ಒಂದು ಜೊತೆ ಕಿವಿ ಕೊಡಿ ಎಂದು ಕೇಳಿ, ಹೊಡೆಸಿಕೊಂಡು, ಕಟ್ಟಿಸಿಕೊಂಡು ಕೂತಿದ್ದ. ನಾಚಿಕೆಯಿಂದ ಅವಳಿಗೆ ಅಲ್ಲೇ ಆ ಹಗೇವಿಗೆ ಬೀಳಬೇಕೆನಿಸಿತು.

ಮುಳ್ಳಿನ ಮೇಲೆಯೇ ಬೋರಲು ಬಿದ್ದು ಕಂಡಿಗೆ ಕಿವಿ ಇಟ್ಟಳು. ಮೊದಲು ತನ್ನ ಎದೆಯ ಸದ್ದೇ ಕೇಳಿಸಿತು. ಉಸಿರು ಹಿಡಿದಳು. ಏನಿಲ್ಲ. "ಹಣಮವ್ವಾ!" ಎಂದು ಕೂಗಿ ಮತ್ತೆ ಕಿವಿ ಇಟ್ಟಳು. ತಳದಲ್ಲಿ ಏನೋ ಸರಸರ ಎಂದಿತು. ಆಮೇಲೆ ಒಂದು ದನಿ, ಸವೆದುಹೋದದ್ದು, ಆದರೆ ಸಿಟ್ಟಿಗೇನೂ ಕೊರತೆಯಿಲ್ಲದ್ದು.

"ಯಾರದು ಮ್ಯಾಲ? ಮುಂಜಾನಿಂದ ಒದರಿ ಒದರಿ ಗಂಟಲ ಹರದು ಹೋತು. ಊರ ಮಂದಿಗೆಲ್ಲ ಕಿವುಡ ಬಂದದೇನು?"

ಯಶೋಧರಾ ಅಳತೊಡಗಿದಳು, ನಗತೊಡಗಿದಳು. "ನಾ ಪೊಲೀಸ್ ಇದ್ದೇನಬೇ ಯವ್ವಾ, ಅಂಜಬ್ಯಾಡ! ಪೆಟ್ಟ ಎಲ್ಲಿ ಆಗ್ಯಾದ?"

"ಟೊಂಕ ಮುರದದ. ಆ ಗಾದಿಯವ ಎಲ್ಲಿ? ಅವನೂ ಬಿದ್ದಾನೇನು?"

ಯಶೋಧರಾ ತಲೆ ಎತ್ತಿದಳು. ರಸೂಲ ಅವಳ ಮುಖವನ್ನೇ ನೋಡುತ್ತಾ ಮಂಡಿಯೂರಿದ್ದ. ಕೈ ಎದೆಗಿಟ್ಟು, ಮುಷ್ಟಿ ಹಿಡಿದು ಬಿಟ್ಟು ಕೇಳಿದ: ಜೀವ ಇದೆಯೇ?

ಅವಳು ಗೋಣು ಹಾಕಿದಳು, ಜೋರಾಗಿ, ನಾಲ್ಕೈದು ಸಲ.

ರಸೂಲ ನಂಬಲಿಲ್ಲ. ಹೇಗೆ ನಂಬಿಯಾನು? ಗೋಣು ಎಷ್ಟು ಸುಳ್ಳು ಹೇಳಬಲ್ಲದು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವನು ತಲೆ ಅಲ್ಲಾಡಿಸಿ ಮತ್ತೆ ಅದೇ ಕೇಳಿದ. ಅವಳು ಮತ್ತೆ ಗೋಣು ಹಾಕಿದಳು. ಅವನ ಕಣ್ಣು ತುಂಬಿಬಂತು. ತನ್ನನ್ನು ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಂಡ.

ಯಶೋಧರಾ ಅಂಗಳಕ್ಕೆ ಓಡಿ ಗಾದಿ ಕಟ್ಟುವ ಹಗ್ಗ ತಂದಳು. ತುದಿಗೆ ತನ್ನ ನೀರಿನ ಬಾಟಲಿ ಕಟ್ಟಿ ಕಂಡಿಯೊಳಗೆ ಇಳಿಬಿಟ್ಟಳು. ಹಗ್ಗದ ಈ ತುದಿಯನ್ನು ರಸೂಲನ ಹರಿದ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಕೆಳಕ್ಕೆ ಕೂಗಿದಳು: "ಯವ್ವಾ, ಹಗ್ಗ ಸಿಕ್ಕಿತೇನು? ಜಗ್ಗು! ಜೋರ ಜಗ್ಗು!"

ಹಗ್ಗ ಸುಮ್ಮನಿತ್ತು. ಆಮೇಲೆ ಒಮ್ಮೆ ಬಿಗಿಯಿತು. ಬಿಟ್ಟಿತು. ಮತ್ತೆ ಎರಡು ಸಲ, ಕೆಳಗಿನಿಂದ, ಮುದುಕಿಯ ಸಿಟ್ಟೆಲ್ಲ ಸೇರಿ, ಅವನ ಕೈಯನ್ನು ಜಗ್ಗಿತು. ರಸೂಲ ಹಗ್ಗವನ್ನು ನೋಡಿದ, ಕೈಯನ್ನು ನೋಡಿದ. ಆಮೇಲೆ ಅವನು ತಾನೆಂದೂ ಕೇಳದ ತನ್ನ ದನಿಯಲ್ಲಿ, ಹೊಲಕ್ಕೆ ಹೊಲವೇ ಕೇಳುವಂತೆ ಅತ್ತ.

ಎರಡೂವರೆಗೆ ಹಣಮವ್ವನನ್ನು ಮೇಲೆತ್ತಿದರು. ಅಷ್ಟರಲ್ಲಿ ಆಂಬುಲೆನ್ಸು ಬಂದಿತ್ತು, ಹೊಳೆಯಿಂದ ಜೀಪೂ ಬಂದಿತ್ತು, ಊರೂ ನೆರೆದಿತ್ತು. ಶಾಂತಕುಮಾರ ತಾಯಿಯ ಕಾಲು ಹಿಡಿದು ಬಿಡಲೊಲ್ಲ. "ಬಿದ್ದದ್ದು ಮುಂಜಾನಿ ಎಂಟೂವರಿಗಿ ಅಂತೀರಿ. ಮತ್ತ ಇಷ್ಟೊತ್ತನಕ ಏನ್ ಮಾಡಾಕತ್ತಿದ್ರಿ?" ಎಂದು ಆಂಬುಲೆನ್ಸಿನ ನರ್ಸು ಸುಮ್ಮನೆ ಕೇಳಿದಳು. ಅಲ್ಲಿದ್ದ ಪೊಲೀಸರೆಲ್ಲ ಹಗ್ಗ ಸುತ್ತುವ ಕೆಲಸಕ್ಕೆ ತೊಡಗಿದರು.

ಹುಲೆಪ್ಪ ಒಳ್ಳೆಯ ಮನುಷ್ಯ, ಇಲ್ಲವೆನ್ನುವುದಿಲ್ಲ. ಠಾಣೆಗೆ ಬೀಗ ಹಾಕಿದ್ದರ ಬಗ್ಗೆ ಅವನು ತುಟಿ ಎರಡು ಮಾಡಲಿಲ್ಲ. ಗಂಟಲು ಸರಿಮಾಡಿಕೊಂಡು ರಸೂಲನ ಹತ್ತಿರ ಬಂದ, ಸೂರ್ಯನಿಗೆ ಬೆನ್ನು ಹಾಕಿ ನಿಂತ, ಹೆಗಲ ಮೇಲೆ ಕೈ ಇಟ್ಟ, ಊರಿಗೆಲ್ಲ ಕೇಳುವಂತೆ ಕೂಗಿದ.

"ತಪ್ಪ ತಿಳಕೋಬ್ಯಾಡಪಾ ರಸೂಲ. ನಮ್ಮ ಮ್ಯಾಲ ಸಿಟ್ಟಿಲ್ಲ, ಹೌದಿಲ್ಲೋ? ಮಾಫ್ ಮಾಡಿದಿ, ಹೌದಿಲ್ಲೋ?"

ರಸೂಲ ಗೋಣು ಹಾಕಿದ. ಬಹಳ ಮರ್ಯಾದೆಯಿಂದ, ಎರಡು ಸಲ.

"ನೋಡ್ರಿ, ದೊಡ್ಡ ಮನಸಿನ ಮನಶ್ಯಾ!" ಎಂದು ಹುಲೆಪ್ಪ ಸುತ್ತ ನಿಂತವರಿಗೆ ಹೇಳಿ ಹಗುರಾದ. ಜನ ಹೌದು ಹೌದೆಂದರು.

ಯಶೋಧರಾ ನಾಲ್ಕು ಹೆಜ್ಜೆ ಆಚೆ ನಿಂತು ಅದನ್ನು ನೋಡಿದಳು. ಅವಳಿಗೂ ಅದೇ ಪ್ರಶ್ನೆ ಕೇಳಬೇಕಿತ್ತು, ಬೆಳಗಿನಿಂದ ಇನ್ನಾವುದನ್ನೂ ಅಷ್ಟು ಕೇಳಬೇಕೆನಿಸಿರಲಿಲ್ಲ. ಬಾಯಿವರೆಗೂ ಬಂದಿತ್ತು. ಕೇಳಿದರೆ ಅವನು ಅವಳಿಗೂ ಹಾಗೆಯೇ ಗೋಣು ಹಾಕುತ್ತಾನೆ ಎಂದು ಗೊತ್ತಿದ್ದರಿಂದ, ಅವಳು ಕೇಳದೆ ಸ್ಕೂಟಿಯ ಚಾವಿಯನ್ನು ತಿರುಗಿಸಿದಳು.